ಎಡಗಡೆಯ ಕಿಟಕಿ

ಕ್ರಿಮಿನಲ್ ವಕೀಲಿಕೆಯಲ್ಲಿ ಆರೋಪಿಯನ್ನು "ನಿಜವಾಗಿ ನೀನೇ ಮಾಡಿದೆಯಾ?" ಎಂದು ಕೇಳುವ ಪದ್ಧತಿಯಿಲ್ಲ. ಪೊಲೀಸರ ಬಳಿ ಏನು ಸಾಕ್ಷಿ ಇದೆ, ಏನು ಹೇಳಿಕೆ ಕೊಟ್ಟಿದ್ದೀಯ ಎಂದು ಕೇಳಿ ಅಲ್ಲಿಗೆ ನಿಲ್ಲುತ್ತೇವೆ. ಜನ ಇದನ್ನು ವಕೀಲರ ಕಳ್ಳಾಟ ಅಂದುಕೊಳ್ಳುತ್ತಾರೆ. ಅಲ್ಲ. ಸುಳ್ಳೆಂದು ಗೊತ್ತಿರುವ ಮಾತನ್ನು ನ್ಯಾಯಾಧೀಶರ ಮುಂದೆ ಆಡುವಂತಿಲ್ಲ, ಅದಕ್ಕೇ ಗೊತ್ತಾಗದಿರುವುದು ಮೇಲು. ಮೂವತ್ತು ವರ್ಷ ಸಿಂಗಪುರದ ಕೋರ್ಟುಗಳಲ್ಲಿ ಸವೆದವನಿಗೆ ಇಷ್ಟೂ ತಿಳಿಯದೆ ಇರಲಿಲ್ಲ. ಆದರೂ ಇರುಳು ಕಂಡ ಬಾವಿಗೆ ಹಗಲು ಬಿದ್ದೆ.

ಗಂಡ ಹೆಂಡತಿ ಇಬ್ಬರೂ ಒಂದು ಬೆಳಿಗ್ಗೆ ನನ್ನ ಆಫೀಸಿಗೆ ಬಂದರು. ನನ್ನ ಹಾಗೇ ಮೈಸೂರಿನವರು. ಅವನು ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಆರೋಪ ಇದ್ದದ್ದು ಅವಳ ಮೇಲೆ. ಊರಿನ ಉತ್ತರಕ್ಕಿರುವ ಸೆಂಬವಾಂಗ್ ಬಡಾವಣೆಯಲ್ಲಿ ಅವರ ಕಾರು, ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬ ಮುದುಕರಿಗೆ ತಗುಲಿ ಅವರ ಸೊಂಟದ ಮೂಳೆ ಮುರಿದಿತ್ತು. ಓಡಿಸುತ್ತಿದ್ದವಳು ತಾನೇ ಎಂದು ಅವಳು ಪೊಲೀಸರಿಗೆ ಹೇಳಿಕೆ ಕೊಟ್ಟಾಗಿತ್ತು. ತಪ್ಪೊಪ್ಪಿಕೊಳ್ಳುವುದೆಂದೂ ತೀರ್ಮಾನವಾಗಿತ್ತು. ಶಿಕ್ಷೆ ಕಡಿಮೆ ಮಾಡಿ ಎಂದು ಬೇಡುವುದಷ್ಟೇ ನನ್ನ ಕೆಲಸ.

ಮಾತೆಲ್ಲ ಗಂಡನದೇ. "ಫಸ್ಟ್ ಅಫೆನ್ಸ್ ಸಾರ್, ಫೈನ್ ಕಟ್ಟಿದ್ರೆ ಮುಗಿಯತ್ತೆ ಅಲ್ವಾ? ಅವಳಿಗೆ ಡ್ರೈವಿಂಗ್ ಅಷ್ಟು ಪ್ರಾಕ್ಟೀಸ್ ಇಲ್ಲ." ಇಂಥದೇ ಕೇಸುಗಳ ತೀರ್ಪುಗಳನ್ನು ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆದು, ಹಳದಿ ಗೆರೆ ಎಳೆದು ಫೈಲು ಮಾಡಿಕೊಂಡು ಬಂದಿದ್ದ. ನೋಡಿದ ಕೂಡಲೇ ನನಗೆ ಅವನು ಹಿಡಿಸಲಿಲ್ಲ. ಆರೋಪಿಯ ಜೊತೆ ಒಬ್ಬನೇ ಮಾತಾಡಬೇಕು, ಕೆಳಗೆ ಹಾಕರ್ ಸೆಂಟರಿನಲ್ಲಿ ಕಾಫಿ ಕುಡಿದು ಬನ್ನಿ ಎಂದು ಕಳಿಸಿದೆ.

ಅವನು ಹೋದ ಮೇಲೆ ಅವಳ ದನಿ ಬಿಚ್ಚಿಕೊಂಡಿತು. "ಅಂಕಲ್, ಮೈಸೂರಲ್ಲಿ ನಿಮ್ಮನೆ ಎಲ್ಲಿ?" ಎಂದಳು. ಹೇಳಿದೆ. ಅವಳ ಅಜ್ಜಿಯ ಮನೆಯೂ ಅದೇ ಬೀದಿಯ ಹಿಂದೆ. ಐದು ನಿಮಿಷದಲ್ಲಿ ನಾನು ವಕೀಲನಾಗಿರುವುದನ್ನು ಬಿಟ್ಟು ಪಕ್ಕದ ಮನೆಯ ಹಿರಿಯನಾಗಿಬಿಟ್ಟೆ. ಅವತ್ತು ಏನೇನಾಯಿತು ಹೇಳಮ್ಮ ಎಂದೆ.

"ಅವ್ರು ನನ್ನ ಕಿಟಕಿ ಪಕ್ಕಾನೇ ಬಿದ್ರು ಅಂಕಲ್. ಬೀಳೋವಾಗ ಗ್ಲಾಸ್ ಮೇಲೆ ಕೈ ಇಟ್ರು. ಮುಖ ಇಷ್ಟು ಹತ್ರ. ಹ್ಯಾಂಡಲ್‌ನಲ್ಲಿ ಬ್ರೆಡ್ ಕವರ್ ನೇತಾಡ್ತಿತ್ತು."

ಪೊಲೀಸರು ಬರೆದ ರಸ್ತೆಯ ನಕ್ಷೆ ನನ್ನ ಮುಂದೆಯೇ ಇತ್ತು. ಸೈಕಲ್ ಇದ್ದದ್ದು ರಸ್ತೆಯ ಎಡ ಅಂಚಿನಲ್ಲಿ. ಓಡಿಸುವವರು ಕೂರುವುದು ಬಲಗಡೆ. ಬುದ್ಧಿ ಇದ್ದಿದ್ದರೆ ಅಲ್ಲೇ ಫೈಲು ಮುಚ್ಚಬೇಕಿತ್ತು. ನಾನು ಕೇಳಿದೆ: "ನೀನು ಯಾವ ಸೀಟಲ್ಲಿ ಕೂತಿದ್ದೆ ಮಗು?"

ಅವಳು ತುಂಬ ಹೊತ್ತು ಅತ್ತಳು. ಆಮೇಲೆ ಹೇಳಿದಳು. ಗಂಡ ಫೋನ್ ನೋಡುತ್ತ ಓಡಿಸುತ್ತಿದ್ದನಂತೆ. "ಅವ್ರ ಮೇಲೆ ಆಗ್ಲೇ ಒಂದು ಟ್ರಾಫಿಕ್ ಕೇಸ್ ಆಗಿದೆ. ಈ ಸಲ ಜೈಲು ಆಗತ್ತೆ, ಕೆಲ್ಸ ಹೋಗತ್ತೆ, ಇಲ್ಲಿರೋಕೆ ಕೊಟ್ಟಿರೋ ವರ್ಕ್ ಪಾಸ್ ಕ್ಯಾನ್ಸಲ್ ಆಗತ್ತೆ. ನಂದು, ಮಗಳದು ಎಲ್ಲಾ ಅವ್ರ ಪಾಸ್ ಮೇಲೇ ನಿಂತಿರೋದು ಅಂಕಲ್. ನಾನು ಒಪ್ಕೊಂಡ್ರೆ ಹೋಗೋದು ನಾನೊಬ್ಳೇ. ಪೊಲೀಸ್ ಬರೋಕ್ಕೆ ಮುಂಚೆ ನಾನೇ ಹೇಳಿದ್ದು. ಅವ್ರು ಬೇಡ ಅಂದ್ರು."

"ಎಷ್ಟು ಸಲ ಬೇಡ ಅಂದ?"

"ಒಂದ್ಸಲ."

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಕೆಳಗೆ ಕಾಫಿ ಕುಡಿಯುತ್ತಿದ್ದ, ಉಣ್ಣಬೇಕಾದವಳು ನನ್ನ ಎದುರು ಮೂಗು ಒರೆಸಿಕೊಳ್ಳುತ್ತಿದ್ದಳು.

ಹೋಗಿ ಪೊಲೀಸರಿಗೆ ನಿಜ ಹೇಳು ಎಂದೆ. ಸುಳ್ಳು ಹೇಳಿಕೆಗೂ ಶಿಕ್ಷೆ ಇದೆ, ಈಗಲೇ ತಿದ್ದಿಕೊಂಡರೆ ಕೋರ್ಟು ಅದನ್ನು ಗಮನಿಸುತ್ತದೆ ಎಂದೆ. ಇಲ್ಲದಿದ್ದರೆ ನಿನ್ನ ಪರವಾಗಿ ನಿಲ್ಲುವುದಕ್ಕೆ ನನ್ನಿಂದ ಆಗುವುದಿಲ್ಲ ಎಂದೂ ಹೇಳಬೇಕಾಯಿತು. ಅವಳು ಕಣ್ಣೊರೆಸಿಕೊಂಡು, "ಹಾಗಾದ್ರೆ ನಾನು ನಿಮ್ಗೆ ಏನೂ ಹೇಳ್ಲೇ ಇಲ್ಲ ಅಂದ್ಕೊಳಿ ಅಂಕಲ್" ಎಂದಳು. ಅದು ಆಗದು ಎಂದಾಗ ಅವಳು ನನ್ನನ್ನು ನೋಡಿದ ರೀತಿ ನೆನೆದರೆ ಈಗಲೂ ಸಂಕಟವಾಗುತ್ತದೆ. ನಂಬಿ ಬಾಯಿ ಬಿಟ್ಟಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಇಷ್ಟು: ಇದ್ದ ವಕೀಲನೂ ಕೈಬಿಟ್ಟ. ಇಂಗ್ಲಿಷಿನಲ್ಲೇ ಮಾತಾಡಿಸಿ ಕಳಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೇಸು ಬಿಟ್ಟೆ. ಕಕ್ಷಿದಾರರು ಹೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ. ಇಲ್ಲಿ ಬರೆಯುವಾಗಲೂ ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಾಲ್ಕು ತಿಂಗಳು ಓಡಾಡಿದೆ.

ಒಂದು ದಿನ ಬೇರೆ ಕೇಸಿಗೆಂದು ಹೋದಾಗ ಆ ದಿನದ ಕೇಸುಗಳನ್ನು ತೋರಿಸುವ ಕೋರ್ಟಿನ ಪರದೆಯ ಮೇಲೆ ಅವಳ ಹೆಸರು ಕಂಡಿತು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಸರ್ಕಾರಿ ವಕೀಲರು ನಡೆದದ್ದರ ವಿವರ ಓದಿದರು. ಆರೋಪಿ ಕಾರು ಓಡಿಸುತ್ತಿದ್ದಳು, ಆರೋಪಿ ಎಡಕ್ಕೆ ಗಮನ ಕೊಡಲಿಲ್ಲ. ಇದನ್ನೆಲ್ಲ ಒಪ್ಪುತ್ತೀಯಾ ಎಂದು ಕೇಳಿದಾಗ ಅವಳು "ಯೆಸ್, ಯುವರ್ ಆನರ್" ಎಂದಳು. ಅವಳ ಹೊಸ ವಕೀಲೆ ಚಿಕ್ಕ ವಯಸ್ಸಿನ ಚೀನೀ ಹುಡುಗಿ, ಚುರುಕು. ಕೇಳಬಾರದ್ದನ್ನು ಕೇಳಿರಲಿಲ್ಲ. ಆರೋಪಿ ಪ್ರತಿ ವಾರ ಆಸ್ಪತ್ರೆಗೆ ಹೋಗಿ ಮುದುಕರನ್ನು ನೋಡಿಕೊಂಡು ಬರುತ್ತಿದ್ದಳು ಎಂದು ಚೆನ್ನಾಗಿ ವಾದಿಸಿದಳು. ಅದಂತೂ ನಿಜವೇ ಇರಬೇಕು.

ಎರಡು ವಾರ ಜೈಲು. ಕೆಲವು ವರ್ಷ ಅವಳು ಗಾಡಿ ಓಡಿಸುವಂತಿಲ್ಲ.

ಒಳಗೆ ಕರೆದೊಯ್ಯುವ ಮುಂಚೆ ಮನೆಯವರ ಜೊತೆ ಮಾತಾಡಲು ಒಂದೆರಡು ನಿಮಿಷ ಬಿಟ್ಟರು. ಗಂಡ ಕಟಕಟೆಯ ಹತ್ತಿರ ಹೋಗಿ ಅಳುತ್ತ ನಿಂತ. ಅವಳು ಅಳಲಿಲ್ಲ. ಎಲ್ಲರಿಗೂ ಕೇಳುವಷ್ಟು ಜೋರಾಗಿ, ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ ಹೇಳಿದಳು:

"ಬುಧವಾರ ಅವಳಿಗೆ ಸ್ವಿಮ್ಮಿಂಗ್ ಇದೆ, ಟವೆಲ್ ಮರೀಬೇಡಿ. ತಲೆ ಚೆನ್ನಾಗಿ ಒರೆಸಿ. ಸ್ಕೂಲಿಗೆ ಬಸ್ಸಲ್ಲೇ ಕರ್ಕೊಂಡ್ ಹೋಗಿ. ನೀವು ಮಾತ್ರ ಮತ್ತೆ ಕಾರ್ ಮುಟ್ಬೇಡಿ. ಒಬ್ರನ್ನ ಬೀಳ್ಸಿದ್ದು ಸಾಕು. ನನ್ನಾಣೆ."

ಅವನು ತಲೆಯಾಡಿಸಿದ. ನ್ಯಾಯಾಧೀಶರು ಮುಂದಿನ ಕೇಸಿನ ಕಾಗದ ತಿರುವುತ್ತಿದ್ದರು.

ಮೊದಲು ಈ ಕೇಸು ನನ್ನ ಕೈಯಲ್ಲಿತ್ತೆಂದು ಹೊಸ ವಕೀಲೆಗೆ ಗೊತ್ತಿತ್ತು. ಹಿಂದಕ್ಕೆ ಬಂದು, ಅವಳು ಏನು ಹೇಳುತ್ತಿದ್ದಾಳೆ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು.

ಮಗಳ ಟವೆಲ್ ಬಗ್ಗೆ, ಎಂದೆ.