ಪಾರ್ಕ್ ರಾಯಲ್ ಕನ್ನಡಿಗರ ಪ್ರತಿನಿಧಿ ಮಾರಿಯಾ

ಗೆಳೆಯರೇ, ನಗಬೇಡಿ. ಕೌನ್ಸಿಲ್ ಚುನಾವಣೆಯ ಅಭ್ಯರ್ಥಿಯೊಬ್ಬರು ಇವತ್ತು ಲಂಡನ್ನಿನ ಪಾರ್ಕ್ ರಾಯಲ್‌ನ ನಮ್ಮ ಇಡ್ಲಿಹಿಟ್ಟಿನ ಫ್ಯಾಕ್ಟರಿಗೆ ಬಂದು, ಕನ್ನಡಿಗರ ಪರವಾಗಿ ಮಾತಾಡಲು ಒಬ್ಬರನ್ನು ಆರಿಸಿಕೊಡಿ ಎಂದರು. ನಾವಿರುವುದೇ ಮೂವರು.

"ಶೆಟ್ರು ಆದ್ರ ನಾ ಒಲ್ಲೆ ನೋಡ್ರಿ," ಎಂದರು ಧಾರವಾಡದ ಪಾಟೀಲರು.

"ಪಾಟೀಲ್ರ್ ಆರೆ ನನ್ ಒಪ್ಗಿ ಇಲ್ಲೆ," ಎಂದರು ಕುಂದಾಪುರದ ಶೆಟ್ಟರು.

ಮೈಸೂರಿನ ನನ್ನ ಹೆಸರು ಬಂದಾಗ ಮಾತ್ರ ಇಬ್ಬರೂ ಒಗ್ಗಟ್ಟಾಗಿ ಬೇಡವೆಂದರು.

ಕೊನೆಗೆ ಮೂವರೂ ಒಪ್ಪಿದ್ದು ಪ್ಯಾಕಿಂಗ್ ವಿಭಾಗದ ಮಾರಿಯಾಳನ್ನು. ಅವಳು ಸ್ಲೊವಾಕಿಯಾದ ರುಸಿನ್ ಎಂಬ ಸಣ್ಣ ಸಮುದಾಯದವಳು. ಬರುವ ಕನ್ನಡ "ಸಾಕು" ಒಂದೇ.

"ನಮ್ಮೂರ ಚುನಾವಣೇಲೂ ರುಸಿನ್ನರು ಹೀಗೇ ಕಚ್ಚಾಡಿ ಬೇರೆಯವರನ್ನ ಗೆಲ್ಲಿಸ್ತಿದ್ರು," ಎಂದು ಇಂಗ್ಲಿಷಿನಲ್ಲಿ ಹೇಳಿ ನಿಟ್ಟುಸಿರಿಟ್ಟಳು.

ಅಂತೂ ರುಸಿನ್ನರಿಗೆ ಲಂಡನ್ನಿನಲ್ಲಿ ಅವಿರೋಧವಾಗಿ ಒಂದು ಸ್ಥಾನ ಸಿಕ್ಕಿದೆ. ಅದು ನಮ್ಮದು.