ಬಟ್ಟೆ ಒಣಹಾಕುವ ಹಗ್ಗ

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ನಮ್ಮ ದೊಡ್ಡಮ್ಮ ತನ್ನ ಮಗಳಿಗೆ, ಅಂದರೆ ನಮ್ಮ ಅಕ್ಕನಿಗೆ, ಹೈಜಂಪ್ ಕಲಿಸಿದ್ದು ಹಿತ್ತಲಿನ ಬಟ್ಟೆ ಹಗ್ಗದ ಮೇಲೆ. ಹಿಮ್ಮಡಿ ತಾಗಿ ಹಗ್ಗ ಅಲುಗಿದರೂ, ಮಗು ಮುಖ ಸಪ್ಪೆ ಮಾಡೀತೆಂದು, “ದಾಟಿಬಿಟ್ಟೆ ಕಣೇ!” ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಆಮೇಲೆ ಕೋಚ್ ಬಂದರು, ಸೋಕಿದರೆ ಬೀಳುವ ಕೋಲು ಬಂತು. ಹಿಮ್ಮಡಿ ತಾಗಿಸುವ ಚಾಳಿ ಮಾತ್ರ ಪೂರ್ತಿ ಹೋಗಲಿಲ್ಲ.

ಅಂತರರಾಷ್ಟ್ರೀಯ ಕೂಟದ ಫೈನಲ್ಲನ್ನು ಲಾಂಡ್ರಿಯ ಟಿವಿಯಲ್ಲೇ ನೋಡಿದೆವು. ಕೊನೆಯ ಅವಕಾಶದಲ್ಲಿ ಅಕ್ಕನ ಮೈಯೆಲ್ಲ ದಾಟಿತು. ಹಾಳು ಹಿಮ್ಮಡಿ ಸೋಕಿ ಕೋಲು ಬಿತ್ತು.

ಸಂಜೆ ಫೋನಿನಲ್ಲಿ ಅಕ್ಕ ಅತ್ತಳು. “ಒಂಚೂರು ತಾಗಿತು ಅಷ್ಟೇ, ಅಮ್ಮಾ.”

“ನಿನ್ನ ತಪ್ಪಲ್ಲ ಮಗಳೇ. ಹಗ್ಗಕ್ಕೂ ದಿನಾ ತಾಗ್ತಿತ್ತು. ನಾನೇ ಹೇಳಲಿಲ್ಲ.”

ಆ ಕಡೆಯಿಂದ ಅಕ್ಕ ಹೇಳಿದಳು: “ನಂಗೂ ಗೊತ್ತಿತ್ತಮ್ಮ. ನೀನು ಚಪ್ಪಾಳೆ ತಟ್ಟೋದು ನಿಲ್ಲಿಸ್ತೀಯ ಅಂತ ನಾನೂ ಹೇಳಲಿಲ್ಲ.”