ಹದಿನಾಲ್ಕು ಸ್ಥಳಗಳ ಟೂರು

ಗೈಡಿನ ಹಿಂದೆ ಸಾಲಾಗಿ ನಡೆದು ಊರು ನೋಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಲಗಡೆ ನೋಡಿ ಅಂದರೆ ಬಲಕ್ಕೆ, ಎಡಗಡೆ ನೋಡಿ ಅಂದರೆ ಎಡಕ್ಕೆ ಕತ್ತು ತಿರುಗಿಸುವ ಆ ಜನ! ಏನು ನೋಡಿದಿರಿ ಎಂದು ಸಂಜೆ ಕೇಳಿದರೆ ಒಬ್ಬರಿಗೂ ಬಾಯಿ ಬರುವುದಿಲ್ಲ, ಎಷ್ಟು ನೋಡಿದೆವು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ. ಹೀಗೆ ಬೈಯಲು ನೀನ್ಯಾರು ಎಂದು ಕೇಳಬಹುದು. ನಾನೂ ಒಂದು ಸಲ ಅಂಥ ಬಸ್ಸಿನಲ್ಲಿ ಕೂತವಳೇ. ಕೂತದ್ದಷ್ಟೇ ಅಲ್ಲ, ನಾಲ್ಕು ಆಫೀಸು ಹತ್ತಿ ಇಳಿದು, ಅಳೆದು ಸುರಿದು, ಆ ಬಸ್ಸನ್ನು ಆರಿಸಿದವಳು ನಾನೇ.

ಮದ್ರಾಸು ತನ್ನ ಹೆಸರನ್ನು ಚೆನ್ನೈ ಎಂದು ಬದಲಿಸಿಕೊಂಡು ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಆಗ ಮೊಳಕಾಲ್ಮೂರಿನಲ್ಲಿ ಹೈಸ್ಕೂಲು ಟೀಚರು. ಅವ್ವ ಚಳ್ಳಕೆರೆ ಕಡೆ, ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿಗೆ ಹತ್ತಿದ ನಮ್ಮ ಹಳ್ಳಿಯಲ್ಲಿ ಅಣ್ಣನ ಜೊತೆ ಇದ್ದಳು. ನಡೆಯಲು ಕಲಿತಾಗಿನಿಂದ ಕುರಿಯ ಹಿಂದೆ ನಡೆದವಳು. ತನಗಾಗಿ ಒಂದು ಸೀರೆ ಬೇಕು ಎಂದು ಕೂಡ ಬಾಯಿ ಬಿಟ್ಟು ಕೇಳಿದವಳಲ್ಲ. ಅಂಥವಳು ಒಂದು ದಿನ ನಮ್ಮ ಮನೆಯಲ್ಲಿ ಟೀವಿ ಮುಂದೆ ಕೂತು, ಅಲೆ ಬರುವುದನ್ನೂ ಹೋಗುವುದನ್ನೂ ಕಣ್ಣು ಮಿಟುಕಿಸದೆ ನೋಡಿದಳು.

"ಇದನ್ನ ನೋಡ್ಬೇಕು ಕಣೇ ನಾನು. ಸಾಯೋದ್ರೊಳಗೆ ಒಂದ್ಸಲ. ಕರ್ಕೊಂಡು ಹೋಗ್ತೀಯಾ?"

ಬೇಸಿಗೆ ರಜೆಯಲ್ಲಿ ಹೊರಟೆವು, ನಾವಿಬ್ಬರೇ. ಬಳ್ಳಾರಿಯ ಮೇಲೆ ಗುಂತಕಲ್ಲಿನ ತನಕ ಬಸ್ಸು, ಅಲ್ಲಿಂದ ರೈಲು. ಬೆಳಿಗ್ಗೆ ಇಳಿದು, ಅವತ್ತೇ ರಾತ್ರಿಯ ರೈಲಿಗೆ ವಾಪಸು. ಕೈಯಲ್ಲಿದ್ದದ್ದು ಒಂದೇ ಹಗಲು.

ಸ್ಟೇಷನ್ನಿನ ಎದುರು ಟೂರಿಸ್ಟ್ ಆಫೀಸುಗಳ ಸಾಲೇ ಇತ್ತು. ಆಫೀಸು ಅಂದರೆ ಏನು, ಒಂದು ಮೇಜು, ಒಂದು ಫ್ಯಾನು, ಗೋಡೆಯ ಮೇಲೆ ತಾಜಮಹಲಿನ ಕ್ಯಾಲೆಂಡರು. ಮೊದಲನೆಯವನು ಅರ್ಧ ದಿನಕ್ಕೆ ಐದು ಸ್ಥಳ ಎಂದ. ಐದೇ? ಐದು ನೋಡಲು ಅಷ್ಟು ದೂರದಿಂದ ಬರಬೇಕಿತ್ತೆ? ಎರಡನೆಯವನ ಬೋರ್ಡಿನ ಮೇಲೆ ನೀರಿನಿಂದ ಹಾರುವ ಡಾಲ್ಫಿನ್ನಿನ ಚಿತ್ರವಿತ್ತು. ಎಲ್ಲಿ ತೋರಿಸ್ತೀರಿ ಎಂದು ಕೇಳಿದರೆ "ಸೀಸನ್ ಇಲ್ಲ ಮೇಡಂ" ಎಂದು ಹಲ್ಲು ಕಿರಿದ. ಮೂರನೆಯ ಆಫೀಸಿನಲ್ಲಿ ಕನ್ನಡ ಬಲ್ಲ ಒಬ್ಬ ಹಿರಿಯರು ಕೂತಿದ್ದರು. ಅವರು ನನ್ನನ್ನು ಬಿಟ್ಟು ಅವ್ವನನ್ನು ಕೇಳಿದರು, ಏನು ನೋಡಬೇಕಮ್ಮ ಎಂದು. ಸಮುದ್ರ ಎಂದಳು ಅವ್ವ.

"ಸಮುದ್ರಕ್ಕೆ ಟೂರ್ ಯಾಕಮ್ಮ? ಆ ಎದುರಿಗೆ ಸಿಟಿ ಬಸ್ಸು ನಿಲ್ಲುತ್ತೆ. ಹತ್ತಿ, ಇಳೀರಿ, ಸಂಜೆವರೆಗೂ ಕೂತ್ಕೊಂಡು ನೋಡಿ. ಯಾರೂ ಎಬ್ಬಿಸೋದಿಲ್ಲ."

ನನಗೆ ಅವಮಾನವಾಯಿತು. ನಾವು ಇವನಿಗೆ ಸಿಟಿ ಬಸ್ಸಿನ ಗಿರಾಕಿಗಳ ಹಾಗೆ ಕಂಡೆವಲ್ಲ! ಓದಿದವಳು ಎಂಬ ಕೊಬ್ಬು ಬೇರೆ. ಅಲ್ಲಿಂದ ಎದ್ದು ನಾಲ್ಕನೆಯ ಆಫೀಸಿಗೆ ಹೋದೆ. ಅಲ್ಲಿ ಇಡೀ ದಿನ, ಹದಿನಾಲ್ಕು ಸ್ಥಳ, ಮಧ್ಯಾಹ್ನದ ಊಟ, ಜೊತೆಗೆ ನಾಲ್ಕು ಭಾಷೆ ಬಲ್ಲ ಗೈಡು. ಹದಿನಾಲ್ಕನೆಯದು ಸಮುದ್ರ. ತರಕಾರಿ ಸಂತೆಯಲ್ಲಿ ಗುಡ್ಡೆ ದೊಡ್ಡದಿದ್ದ ಕಡೆ ಕೂರುವ ಹಾಗೆ ನಾನು ಅಲ್ಲೇ ಕೂತುಬಿಟ್ಟೆ.

"ಆ ಯಜಮಾನ ಸರಿಯಾಗೇ ಹೇಳಿದ್ನಲ್ಲೇ," ಎಂದಳು ಅವ್ವ. "ನಮಗೆ ಸಮುದ್ರ ಒಂದು ಸಾಕು."

"ನಿಂಗೇನು ಗೊತ್ತಾಗ್ತೈತೆ, ಸುಮ್ನಿರವ್ವ. ಇಷ್ಟು ದೂರ ಬಂದು ಒಂದೇ ನೋಡ್ಕೊಂಡು ಹೋಗ್ತಾರಾ ಯಾರಾದ್ರೂ?"

ಗೈಡು ಇಸ್ತ್ರಿ ಮುರಿಯದ ಬಿಳಿ ಅಂಗಿಯವನು, ಕೊರಳಲ್ಲಿ ಸೀಟಿ. ನಾಲ್ಕು ಭಾಷೆ ಬರುತ್ತಿದ್ದದ್ದು ನಿಜ, ಆದರೆ ನಾಲ್ಕರಲ್ಲೂ ಅವನು ಹೇಳುತ್ತಿದ್ದದ್ದು ಒಂದೇ ಮಾತು, ಬೇಗ ಬೇಗ. ಮೊದಲನೆಯ ಸ್ಥಳ ಒಬ್ಬ ಸಿನಿಮಾ ನಟನ ಮನೆಯ ಗೇಟು. ಮನೆಯಲ್ಲ, ಗೇಟು. ಜನ ಇಳಿದು ಆ ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಒಳಗಿನ ವಾಚ್‌ಮನ್ನು ಆಕಳಿಸಿದ. ಎರಡನೆಯದು ಒಂದು ಎತ್ತರದ ಕಟ್ಟಡ, ಅದಕ್ಕೆ ಬಸ್ಸು ನಿಲ್ಲಲೂ ಇಲ್ಲ. ಮೂರನೆಯದು ಒಂದು ಮೇಲ್ಸೇತುವೆ. ಅದರ ಮೇಲೆ ಹೋಗುವಾಗ 'ಈಗ ನೀವು ಅದರ ಮೇಲೇ ಇದ್ದೀರಿ' ಎಂದ. ಎಲಾ ಇವನ! ರಸ್ತೆಯನ್ನೂ ಲೆಕ್ಕಕ್ಕೆ ಹಿಡಿದು ಹದಿನಾಲ್ಕು ಮಾಡಿದ್ದನಲ್ಲ! ಮ್ಯೂಸಿಯಮ್ಮಿಗೆ ಇಪ್ಪತ್ತು ನಿಮಿಷ ಕೊಟ್ಟ, ಅದರಲ್ಲಿ ಹತ್ತು ನಿಮಿಷ ಚಪ್ಪಲಿ ಬಿಡುವ ಜಾಗ ಹುಡುಕಿದೆವು, ಆಮೇಲೆ ಚಪ್ಪಲಿ ಬಿಡಬೇಕಿಲ್ಲ ಎಂದು ಗೊತ್ತಾಯಿತು. ಆದರೂ ಜನಕ್ಕೆ ಖುಷಿಯೋ ಖುಷಿ. ನನ್ನ ಮುಂದಿನ ಸೀಟಿನ ಹೆಂಗಸು ಒಂದೊಂದು ಸ್ಥಳ ಮುಗಿದಾಗಲೂ ಪಟ್ಟಿಯಲ್ಲಿ ಪೆನ್ನಿನಿಂದ ಗೀಟು ಹಾಕುತ್ತಿದ್ದಳು. ಅವಳನ್ನು ಕಂಡು ನನಗೆ ಹೇವರಿಕೆ. ನನ್ನ ಪಟ್ಟಿಯಲ್ಲೂ ಗೀಟುಗಳಿದ್ದವು, ನನ್ನದು ಪೆನ್ಸಿಲ್ಲು ಅಷ್ಟೇ.

ಅವ್ವ ಮಾತ್ರ ಬಸ್ಸು ನಿಂತಾಗಲೆಲ್ಲ "ಸಮುದ್ರ ಬಂತೇನೇ?" ಎಂದು ಕೇಳುವಳು. ಇಲ್ಲ ಎಂದರೆ ಸುಮ್ಮನೆ ಇಳಿಯುವಳು. ವಾಪಸು ಹತ್ತುವಾಗ ಮಾತ್ರ ಎಲ್ಲರಿಗಿಂತ ಕೊನೆಗೆ. ಗೈಡು ಸೀಟಿ ಊದಿ ಊದಿ "ಪಾಟೀ, ವಾಂಗೋ ವಾಂಗೋ" ಎಂದು ತಮಿಳಿನಲ್ಲಿ ಈ ಅಜ್ಜಿಯನ್ನು ಕೂಗಿ ಕರೆಯುವನು. ನನಗೆ ನಾಚಿಕೆ.

"ಏನವ್ವ ಇದು, ಎಲ್ರೂ ನಿನಗೆ ಕಾಯ್ಬೇಕಾ?"

"ಹಿಂದೆ ಯಾರನಾ ಉಳಿದ್ರೆ ಯಾರು ನೋಡ್ತಾರೆ? ಆ ಪೀಪಿ ಊದೋನು ಮುಂದೆ ಮುಂದೆ ಓಡ್ತಾನೆ, ಒಂದ್ಸಲನೂ ತಿರುಗಿ ನೋಡೊಲ್ಲ."

"ಇವರೇನು ಕುರಿನಾ?"

"ಕುರಿ ಆಗಿದ್ರೆ ಇಷ್ಟು ಚಿಂತಿ ಇರ್ತಿರ್ಲಿಲ್ಲ ಬಿಡು," ಎಂದಳು.

ಅವಳ ಜೊತೆಗೆ ಯಾವಾಗಲೂ ಹಿಂದೆ ಉಳಿಯುತ್ತಿದ್ದವನು ಒಬ್ಬ ಮುದುಕ. ಹೆಗಲ ಮೇಲೆ ಚೌಕುಳಿ ಟವೆಲು, ಎಡಗಾಲು ಸ್ವಲ್ಪ ಕುಂಟು. ಅನಂತಪುರದ ಕಡೆಯವನು, ತೆಲುಗು ಬಿಟ್ಟು ಬೇರೆ ಭಾಷೆ ಬಾರದು. ನಮ್ಮ ಕಡೆ ತೆಲುಗು ಯಾರಿಗೆ ಬರುವುದಿಲ್ಲ? ಊಟದ ಹೊತ್ತಿಗೆ ಅವ್ವ ಅವನನ್ನು 'ಪೆದ್ದಾಯನಾ', ಎಂದರೆ ಹಿರಿಯರೇ, ಎಂದು ಕರೆಯುತ್ತ ಅವನ ಕಥೆಯನ್ನೆಲ್ಲ ತಿಳಿದುಕೊಂಡಿದ್ದಳು. ಚೆನ್ನೈನಲ್ಲಿರುವ ಮಗಳ ಮನೆಗೆ ಬಂದವನಂತೆ. ಮನೆಯಲ್ಲಿ ಯಾರೋ ಬರುವವರಿದ್ದರಂತೆ, ಅದಕ್ಕೆ ಅಳಿಯ ಬೆಳಿಗ್ಗೆಯೇ ತಂದು ಈ ಬಸ್ಸಿಗೆ ಹತ್ತಿಸಿ, ಸಂಜೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದನಂತೆ. ಎಂಥೆಂಥ ಉಪಯೋಗಗಳಪ್ಪ ಈ ಟೂರುಗಳಿಗೆ!

ಹದಿಮೂರನೆಯ ಸ್ಥಳಕ್ಕೆ ಪಟ್ಟಿಯಲ್ಲಿ 'ಕರಕುಶಲ ಕಲೆಗಳ ದರ್ಶನ' ಎಂದು ಅಚ್ಚಾಗಿತ್ತು. ಹೋಗಿ ನೋಡಿದರೆ ಅಂಗಡಿ. ಮೂರು ಅಂತಸ್ತಿನ ಅಂಗಡಿ. ದಿನವಿಡೀ ಬೇಗ ಬೇಗ ಎಂದವನು ಅಲ್ಲಿ ಮಾತ್ರ "ನಿಧಾನವಾಗಿ ನೋಡಿ" ಎಂದು ಹೇಳಿ ಕಾಫಿ ಕುಡಿಯುತ್ತ ಕೂತ. ಸೀರೆ ವಿಭಾಗದವನೊಬ್ಬ ನನ್ನನ್ನು ಹಿಡಿದುಕೊಂಡು, ರೇಷ್ಮೆ ಎಂದರೇನು ಎಂದು ಪಾಠ ಶುರುಮಾಡಿದ. ಮೊಳಕಾಲ್ಮೂರಿನಲ್ಲಿ ಮಗ್ಗದ ಸದ್ದಿಗೇ ಎದ್ದು ಮಗ್ಗದ ಸದ್ದಿಗೇ ಮಲಗುವವಳಿಗೆ! ಬಿಟ್ಟೇನೆಯೇ? ಸೆರಗು ಬಿಚ್ಚಿಸಿ, ಹಿಂದುಮುಂದು ತಿರುಗಿಸಿ, ಜರಿ ತೋರಿಸಿ, ಅವನ ಬಾಯಿ ಮುಚ್ಚಿಸುವ ತನಕ ವಾದ ಮಾಡಿದೆ. ಗೆದ್ದೆ ಕೂಡ. ಕೆಳಗೆ ಬಂದಾಗ ಅವ್ವ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದಳು.

"ಹೊತ್ತು ಇಳೀತೈತೆ ಕಣೇ."

ಆಗ ಸೀಟಿ ಕೇಳಿತು. ಎಲ್ಲರೂ ನುಗ್ಗಿ ಹತ್ತಿದರು. ಗೈಡು ಬೆರಳು ತೋರಿಸಿ ತಲೆ ಎಣಿಸಿ, ಸರಿ ಇದೆ ಎಂದ. ಅವ್ವ ಮಾತ್ರ ಮೆಟ್ಟಿಲ ಮೇಲೆ ನಿಂತೇ ಇದ್ದಳು.

"ಒಬ್ರು ಬಂದಿಲ್ಲ," ಎಂದಳು.

ನಮ್ಮವರು ಕುರಿಯನ್ನು ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂಬ ನಂಬಿಕೆ. ಒಂದು ಸಲ ಮಂದೆಯ ಮೇಲೆ ಕಣ್ಣಾಡಿಸುತ್ತಾರೆ, ಯಾವ ಮುಖ ಕಾಣುತ್ತಿಲ್ಲ ಎಂದು ತಿಳಿಯುತ್ತದೆ. ಗೈಡಿಗೆ ಇದನ್ನು ಹೇಳುವುದು ಹೇಗೆ? "ಕೌಂಟ್ ಕರೆಕ್ಟ್ ಪಾಟೀ" ಎಂದ. ಕರೆಕ್ಟ್ ಏಕೆಂದರೆ, ಬೀಚಿನ ಕಡೆ ಮನೆಯಿದ್ದ ಅಂಗಡಿಯ ಸೇಲ್ಸ್‌ಮನ್ ಒಬ್ಬ ಪುಕ್ಕಟೆ ಸವಾರಿಗೆಂದು ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದ. ಮುದುಕನ ಸೀಟು ಅದು. ಅವ್ವ ಅದನ್ನೂ ತೋರಿಸಿದಳು. ಆಗ ಗೈಡು ದನಿ ಬದಲಿಸಿದ. ಮುದುಕನ ಮಗಳ ಮನೆ ಇದೇ ಊರಿನಲ್ಲಿದೆಯಲ್ಲ, ತಾನೇ ಹೊರಟುಹೋಗಿರಬೇಕು. ಈಗಲೇ ತಡವಾಗಿದೆ, ಹುಡುಕುತ್ತ ನಿಂತರೆ ಬೀಚು ಕ್ಯಾನ್ಸಲ್ ಎಂದ. ಬಸ್ಸು ಗೊಣಗತೊಡಗಿತು. ಗೀಟು ಹಾಕುವ ಹೆಂಗಸು ಎಲ್ಲರಿಗಿಂತ ಜೋರಾಗಿ.

ಅವಳನ್ನು ಯಾಕೆ ಅನ್ನಲಿ? ನಾನೂ ಅಂದೆ. "ಹೋಗಿರ್ತಾರೆ ಬಿಡವ್ವ ಅವ್ರು. ಹತ್ತು ನೀನು."

"ಭಾಷಿ ಬರ್ದಿರೋ ಮುದುಕ, ಕುಂಟೋನು, ಎಲ್ಲಿಗೆ ಹೋಗ್ತಾನೆ?" ಎಂದು ಅವ್ವ ಇಳಿದೇಬಿಟ್ಟಳು.

ಮೇಯಲು ಹೋದಾಗ ದಾರಿಯಲ್ಲಿ ಒಂದು ಕುರಿ ಈಯಲು ಮಲಗಿದರೆ ಇಡೀ ಮಂದೆಯನ್ನು ನಿಲ್ಲಿಸುವುದಿಲ್ಲ. ಒಬ್ಬರು ಅದರ ಹತ್ತಿರ ನಿಲ್ಲುತ್ತಾರೆ, ಮಂದೆ ಮುಂದಕ್ಕೆ ಹೋಗುತ್ತದೆ. ಅವ್ವನಿಗೆ ಅಷ್ಟು ಸಲೀಸು ಅದು. "ನೀವು ಹೋಗ್ರಿ, ನಾನಿಲ್ಲಿ ಇರ್ತೀನಿ. ಬರೋವಾಗ ಕರ್ಕೊಂಡು ಹೋಗ್ರಿ," ಎಂದಳು. ವಾಪಸು ಇದೇ ರಸ್ತೆ ಎಂದು ಗೈಡು ತಲೆಯಾಡಿಸಿದ.

"ಸಮುದ್ರ ಬೇಕು ಅಂದೋಳು ನೀನು! ನಿನಗೋಸ್ಕರ ತಾನೇ ಇಷ್ಟು ದೂರ ಬಂದಿದ್ದು!" ನಾನು ಕಿಟಕಿಯಿಂದ ಕಿರುಚಿದೆ.

"ನೀನು ನೋಡ್ಕೊಂಡು ಬಾ ಹೋಗು," ಎಂದು ಅವ್ವ ಅಂಗಡಿಯ ಒಳಕ್ಕೆ ನಡೆದಳು.

ಬಸ್ಸು ಹೊರಟಿತು. ನಿಲ್ಲಿಸು ಎಂದು ನಾನು ಒಂದು ಮಾತು ಹೇಳಿದ್ದರೆ ಡ್ರೈವರು ನಿಲ್ಲಿಸುತ್ತಿದ್ದ. ಹೇಳಲಿಲ್ಲ. ಅವಳ ಮೊಂಡುತನಕ್ಕೆ ಬುದ್ಧಿ ಬರಲಿ ಎಂದು ಹಲ್ಲು ಕಚ್ಚಿ ಕೂತೆ. ಪರವೂರಿನಲ್ಲಿ ಹೆತ್ತವಳನ್ನು ಇಳಿಸಿ ಹದಿನಾಲ್ಕನೆಯ ಸ್ಥಳ ನೋಡಲು ಹೋದೆ. ಇದಕ್ಕೆ ಬಸ್ಸಿನವನನ್ನೂ ಗೈಡನ್ನೂ ಎಷ್ಟು ಬೈದರೂ ನನ್ನ ತಪ್ಪು ಕಡಿಮೆಯಾಗುವುದಿಲ್ಲ.

ಬೀಚಿನಲ್ಲಿ ಇಪ್ಪತ್ತು ನಿಮಿಷ ಎಂದ ಗೈಡು. ಕಡಲೆ ಮಾರುವವರನ್ನು, ಕುದುರೆ ಸವಾರಿಯವರನ್ನು, ಗಾಳಿಪಟದವರನ್ನು ಬೈದುಕೊಳ್ಳುತ್ತಲೇ ಮರಳಿನಲ್ಲಿ ನಡೆದೆ. ಆಮೇಲೆ ಎದುರಿಗೆ ನೀರು ಬಂತು. ಬೈಗುಳ ಎಲ್ಲ ನಿಂತುಹೋಯಿತು. ಆ ಕಡೆ ದಡವೇ ಇಲ್ಲ! ಕಣ್ಣು ಹೋದಷ್ಟೂ ನೀರು, ಅದರಾಚೆ ಆಕಾಶ, ಅಷ್ಟೇ. ಒಂದು ಅಲೆ ಮೊಣಕಾಲಿನ ತನಕ ಬಂದು ಸೀರೆಯನ್ನು ತೋಯಿಸಿ ಹೋಯಿತು. ನಾನು ಚಿಕ್ಕ ಹುಡುಗಿಯ ಹಾಗೆ ನಕ್ಕೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಅವ್ವನ ನೆನಪು ನನಗೆ ಇರಲೇ ಇಲ್ಲ. ಸೀಟಿ ಕೇಳಿದ ಮೇಲೇ ನೆನಪಾದದ್ದು. ಎಲ್ಲರಿಗಿಂತ ಮೊದಲು ಓಡಿಹೋಗಿ ಬಸ್ಸು ಹತ್ತಿದೆ.

ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರು. ಮುದುಕ ಪಾಯಿಖಾನೆ ಹುಡುಕಿಕೊಂಡು ಹಿಂದಿನ ಮೆಟ್ಟಿಲು ಇಳಿದಿದ್ದನಂತೆ, ಮೇಲಿನ ಬಾಗಿಲು ಯಾರೋ ಹಾಕಿಕೊಂಡಿದ್ದರಂತೆ. ಎಷ್ಟು ಬಡಿದರೂ ಯಾರಿಗೂ ಕೇಳದೆ, ಅವನು ಕತ್ತಲೆಯಲ್ಲಿ ಗೋಡೆ ಹಿಡಿದು ಅಳುತ್ತ ಕೂತಿದ್ದನಂತೆ. ಅವ್ವ ಮೂರೂ ಅಂತಸ್ತು ತೆಲುಗಿನಲ್ಲಿ ಕೂಗುತ್ತ ತಿರುಗಿ ಅವನನ್ನು ಹೊರಗೆ ತಂದಿದ್ದಳು. ತಪ್ಪಾಯಿತು ಎಂದು ಗೈಡು ಬಾಯಿಮಾತಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅವ್ವ ನನ್ನ ಪಕ್ಕ ಕೂತಳು, ಮುದುಕ ನಮ್ಮ ಹಿಂದಿನ ಸೀಟಿನಲ್ಲಿ. ಒಂದು ಮಾತು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕಾಲಿಗೆ ನನ್ನ ಸೀರೆಯ ಒದ್ದೆ ತಾಗಿರಬೇಕು, ಬಗ್ಗಿ ನೋಡಿದಳು. ಅಂಚನ್ನು ಮೆಲ್ಲಗೆ ಎತ್ತಿ, ಅಂಗೈಗೆ ನಾಲ್ಕು ಹನಿ ಹಿಂಡಿಕೊಂಡಳು. ಬೆರಳು ಅದ್ದಿ ನಾಲಿಗೆಗೆ ಇಟ್ಟಳು.

"ಉಪ್ಪೈತಲ್ಲೇ!" ಎಂದಳು. ಮುಖ ಅರಳಿತ್ತು. "ಅಷ್ಟೂ ನೀರೂ ಹಿಂಗೇನಾ?"

"ಅಷ್ಟೂ ಹಿಂಗೇ ಅವ್ವ," ಎಂದೆ. ಒದ್ದೆ ಅಂಚನ್ನು ಅವಳತ್ತ ಸರಿಸಿದೆ.

ಅವ್ವ ಇನ್ನೊಂದು ಸಲ ಅಂಚು ಹಿಂಡಿದಳು. ಚೆಲ್ಲದ ಹಾಗೆ ಅಂಗೈ ಬಟ್ಟಲು ಮಾಡಿಕೊಂಡು, ಹಿಂದಕ್ಕೆ ತಿರುಗಿ, ಮುದುಕನ ಮುಂದೆ ಹಿಡಿದಳು.

"ಇದಿಗೋ ಪೆದ್ದಾಯನಾ," ಎಂದಳು ತೆಲುಗಿನಲ್ಲಿ, "ಸಮುದ್ರಂ."